ಲಾರಿ ಹತ್ತೋಕೆ, ಇಳಿಯೋಕೆ ಯಾವುದು ಸರಿ: ಏಣಿ, ಹಲಗೆ, ಕಟ್ಟೆ, ಕನ್ವೇಯರ್?

ಹೋದ ತಿಂಗಳು ಹರಿಹರದ ಹತ್ತಿರ ಅಕ್ಕಿ ಗಿರಣಿ ನಡೆಸುವ ಗೆಳೆಯರೊಬ್ಬರು ಫೋನ್ ಮಾಡಿದ್ದರು. "ಕನ್ವೇಯರ್ ತಗೋಬೇಕು ಅಂತಿದೀನಿ ಕಣ್ರೀ, ಹಮಾಲರು ಬೀಳೋದು ತಪ್ಪುತ್ತಲ್ಲಾ?" ಅಂತ ಕೇಳಿದರು. ಚೀಲ ಕನ್ವೇಯರಿನ ಓಡುವ ಪಟ್ಟಿ ಮೇಲೆ ಇಳಿಯುತ್ತೆ ಸರಿ, ಲಾರಿ ಮೇಲಿರೋ ಮನುಷ್ಯ ಯಾವುದರ ಮೇಲೆ ಇಳೀತಾನೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಟೈರ್ ಮೇಲೆ ಕಾಲಿಟ್ಟು" ಅಂದರು.

ದಾವಣಗೆರೆ, ಚಿತ್ರದುರ್ಗದ ಕಡೆ ಬಹುಪಾಲು ಮಂಡಿ, ಗೋದಾಮು, ಗಿರಣಿ, ಸಿಮೆಂಟ್ ಅಂಗಡಿಗಳಲ್ಲಿ ಉತ್ತರ ಇದೇ. ಹಾಗಾಗಿ ಗೋದಾಮಿನವರು, ಹಮಾಲರ ಮೇಸ್ತ್ರಿಗಳು, ಸ್ವಂತ ಲಾರಿ ಇರುವವರು ದುಡ್ಡು ಹಾಕುವ ಮೊದಲು ಓದಲಿ ಅಂತ ಇದನ್ನು ಬರೆಯುತ್ತಿದ್ದೇನೆ. ನಾನು ಮೆಕ್ಕೆಜೋಳದ ಮಂಡಿಯೊಂದರಲ್ಲಿ ಹನ್ನೊಂದು ವರ್ಷ ಗುಮಾಸ್ತನಾಗಿದ್ದೆ. ಈಗ ಸಣ್ಣದೊಂದು ಗೋದಾಮು ನೋಡಿಕೊಳ್ಳುತ್ತೇನೆ. ಈ ವಿಷಯ ನನ್ನ ತಲೆಗೆ ಹೊಕ್ಕಿದ್ದು ಒಂದು ಬೆಳಿಗ್ಗೆ. ನವೆಂಬರ್ ತಿಂಗಳು, ಇಬ್ಬನಿ ಬಿದ್ದಿತ್ತು, ರಾತ್ರಿ ಜಗಳೂರು ಕಡೆಯಿಂದ ಬಂದ ಲಾರಿ ಅಂಗಳದಲ್ಲಿ ನಿಂತಿತ್ತು. ನಮ್ಮಲ್ಲಿ ಇಪ್ಪತ್ತು ವರ್ಷ ಚೀಲ ಹೊತ್ತಿದ್ದ ಹಿರಿಯರೊಬ್ಬರು ತಾಡಪಾಲು ಬಿಚ್ಚೋಕೆ ಅಂತ ಮೇಲೆ ಹತ್ತಿದರು. ಮಡಚಿಕೊಳ್ಳುತ್ತಾ ಹಿಂದಕ್ಕೆ ಎರಡು ಹೆಜ್ಜೆ ಇಟ್ಟರು. ಮೂರನೇ ಹೆಜ್ಜೆಗೆ ಲಾರಿ ಇರಲಿಲ್ಲ.

ಹಿಮ್ಮಡಿ ಮೂಳೆ ಪುಡಿಯಾಯಿತು, ಸೊಂಟದ ಮೂಳೆಗೆ ಪೆಟ್ಟಾಯಿತು. ಆಮೇಲೆ ಅವರು ಚೀಲ ಹೊರಲೇ ಇಲ್ಲ. ಆ ಹೊತ್ತಿಗೆ ಅವರ ಬೆನ್ನ ಮೇಲೆ ಒಂದು ಚೀಲವೂ ಇರಲಿಲ್ಲ ಅನ್ನುವುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಎಲ್ಲಿ ಬೀಳ್ತಾರೆ ಅಂತ ಮೊದಲು ನೋಡಿ

ಸಾಮಾನ್ಯ ಲಾರಿಯ ತಳ ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರ. ತುಂಬಿದ ಮೇಲೆ ಚೀಲದ ತುದಿ ಹತ್ತರಿಂದ ಹನ್ನೆರಡು ಅಡಿಗೆ ಹೋಗುತ್ತದೆ. "ನಾಲ್ಕಡಿ ತಾನೇ" ಅಂತ ನಾವೆಲ್ಲ ಅನ್ನುತ್ತೇವೆ. ಲೆಕ್ಕ ಹಾಕಿ ನೋಡಿದರೆ ನಾಲ್ಕಡಿಯಿಂದ ಬಿದ್ದವನು ಅರ್ಧ ಸೆಕೆಂಡಿನಲ್ಲಿ ನೆಲ ಮುಟ್ಟುತ್ತಾನೆ, ಆಗ ಅವನ ವೇಗ ಗಂಟೆಗೆ 17-18 ಕಿ.ಮೀ. ಆಗಿರುತ್ತದೆ. ಹನ್ನೆರಡು ಅಡಿಯಿಂದ ಬಿದ್ದರೆ 30 ಕಿ.ಮೀ. ಕೆಳಗಿರೋದು ಕಾಂಕ್ರೀಟು. ಅರ್ಧ ಸೆಕೆಂಡಿನಲ್ಲಿ ಕೈ ಊರಬೇಕೋ ತಲೆ ಹಿಡಿದುಕೊಳ್ಳಬೇಕೋ ಅಂತ ಯೋಚಿಸೋಕೂ ಆಗಲ್ಲ. ಹಿಂದಕ್ಕೆ ಬಿದ್ದರಂತೂ ಮೊದಲು ಬಡಿಯೋದು ತಲೆಯ ಹಿಂಭಾಗ.

ಬೀಳುವ ಜಾಗಗಳನ್ನು ನಾನು ವರ್ಷಗಟ್ಟಲೆ ನೋಡಿದ್ದೇನೆ. ತಾಡಪಾಲು ಬಿಚ್ಚುವಾಗ, ಕಟ್ಟುವಾಗ. ಹಗ್ಗ ಜಗ್ಗುವಾಗ ಹಳೇ ಹಗ್ಗ ಪಟ್ ಅಂತ ಹರಿದು, ಹಿಂದಕ್ಕೆ ವಾಲಿದ್ದವನು ಹಾಗೇ ಹೋಗುತ್ತಾನೆ. ಟೈರಿನ ಮೇಲಿಂದ ಕಾಲು ಜಾರಿದಾಗ. ಹಿಂದಿನ ಡೋರ್ ತೆಗೆದ ಕೂಡಲೇ ಒತ್ತಿಕೊಂಡಿದ್ದ ಚೀಲ ಎದೆಗೆ ಬಂದಾಗ. ಕೆಲಸ ಮುಗಿಯಿತು ಅಂತ ಮೇಲಿಂದ ನೆಗೆದಾಗ. ಇನ್ನು ಚೀಲ ಹೊತ್ತುಕೊಂಡು ಹಲಗೆ ಮೇಲೆ ನಡೆಯುವಾಗ. ಈ ಪಟ್ಟಿಯಲ್ಲಿ ಚೀಲ ಹೊತ್ತಿರುವಾಗ ಬೀಳುವುದು ಒಂದೇ ಒಂದು. ಉಳಿದದ್ದೆಲ್ಲ ಮನುಷ್ಯ ಹತ್ತುವ, ನಿಲ್ಲುವ, ಇಳಿಯುವ ಸಮಸ್ಯೆ. ನಾವು ದುಡ್ಡು ಹಾಕೋದು ಮಾತ್ರ ಚೀಲ ಬೇಗ ಇಳಿಯೋದಕ್ಕೆ.

ಅದಕ್ಕೇ ಕೆಳಗೆ ಒಂದೊಂದನ್ನೂ ಇದೇ ಪ್ರಶ್ನೆ ಇಟ್ಟುಕೊಂಡು ನೋಡಿದ್ದೇನೆ: ಆಳು ಹೇಗೆ ಮೇಲೆ ಹೋಗುತ್ತಾನೆ, ಹೇಗೆ ಕೆಳಗೆ ಬರುತ್ತಾನೆ?

ಟೈರು, ಹಬ್ಬು, ಡೋರಿನ ಕೊಂಡಿ

ಈಗ ಎಲ್ಲರೂ ಬಳಸುವ ದಾರಿ ಇದು. ಖರ್ಚಿಲ್ಲ, ಹೊತ್ತೂ ಬೇಡ. ನಾನು ಏಣಿ ತಂದಿಟ್ಟಾಗ ನಮ್ಮ ಹುಡುಗನೊಬ್ಬ, "ಸಾವ್ಕಾರ್ರೇ, ಏಣಿ ಹಾಕಿ ಹತ್ತೋಷ್ಟರಲ್ಲಿ ನಾಕು ಚೀಲ ಇಳಿಸಿರ್ತೀನಿ" ಅಂದಿದ್ದ. ಅವನ ಮಾತು ಸುಳ್ಳಲ್ಲ. ಚೀಲದ ಲೆಕ್ಕದಲ್ಲಿ ಕೂಲಿ ಸಿಗುವಾಗ ಯಾರಿಗೆ ತಾನೇ ಏಣಿ ಬೇಕು? ಆದರೆ ಟೈರಿಗೆ ಕೆಸರು, ಗ್ರೀಸು, ಇಬ್ಬನಿ ಮೆತ್ತಿರುತ್ತದೆ. ಕೈ ಹಿಡಿಯೋಕೆ ಸಿಗೋದು ಹಗ್ಗ ಅಥವಾ ಡೋರಿನ ಕೊಂಡಿ, ಎರಡೂ ಯಾವಾಗ ಬಿಡುತ್ತವೋ ಗೊತ್ತಿಲ್ಲ. ಹತ್ತೋದಾದರೂ ಆಗುತ್ತೆ, ಇಳಿಯುವಾಗ ಕಾಲಿಗೆ ಟೈರು ಕಾಣಲ್ಲ. ಹಾಗಾಗಿ ನೆಗೆಯುತ್ತಾರೆ. ಇಪ್ಪತ್ತೈದರ ವಯಸ್ಸಿನಲ್ಲಿ ದಿನಕ್ಕೆ ಹತ್ತು ಸಲ ನೆಗೆದ ಮೊಣಕಾಲು ನಲವತ್ತಕ್ಕೆ ಲೆಕ್ಕ ಕೇಳುತ್ತದೆ. ಇದನ್ನು ಆಯ್ಕೆ ಅಂತ ನಾನು ಒಪ್ಪಲ್ಲ.

ಏಣಿ ಮತ್ತು ಗಾಲಿ ಮೆಟ್ಟಿಲು

ಏಣಿ ಎಲ್ಲಕ್ಕಿಂತ ಅಗ್ಗ. ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಬಹುದು. ಮಾಡಿಸುವಾಗ ನಾಲ್ಕು ಮಾತು ಹೇಳಿ: ಮೆಟ್ಟಿಲು ದುಂಡು ಸರಳು ಬೇಡ, ಚಪ್ಪಟೆ ಇರಲಿ. ತುದಿಗೆ ಎರಡು ಗಟ್ಟಿ ಕೊಕ್ಕೆ ಇರಲಿ, ಅವು ಲಾರಿ ಬಾಡಿಯ ಅಂಚಿಗೆ ಸಿಕ್ಕಿಕೊಳ್ಳಬೇಕು. ಬುಡಕ್ಕೆ ರಬ್ಬರ್ ಹಾಕಿಸಿ. ಕೊಕ್ಕೆಯಿಂದ ಮೇಲಕ್ಕೆ ಮೂರು ಅಡಿ ಹಿಡಿಕೆ ಬಿಡಿಸಿ, ಮೇಲೆ ಕಾಲಿಡುವ ಆ ಒಂದು ಗಳಿಗೆಯಲ್ಲಿ ಕೈಗೆ ಏನಾದರೂ ಸಿಗಬೇಕು. ಒರಗಿಸುವ ಲೆಕ್ಕ ಸುಲಭ, ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿ ಬುಡ ಹೊರಗಿರಲಿ.

ಏಣಿಯ ಮಿತಿ ಎರಡು. ಒಂದು, ಏಣಿ ಮೇಲೆ ಚೀಲ ಹೊರಬಾರದು. ಎರಡು ಕಾಲು ಒಂದು ಕೈ, ಇಲ್ಲಾಂದ್ರೆ ಎರಡು ಕೈ ಒಂದು ಕಾಲು, ಯಾವಾಗಲೂ ಮೂರು ಏಣಿಗೆ ಅಂಟಿರಬೇಕು. ಚೀಲ ಹೊತ್ತರೆ ಇದು ಆಗಲ್ಲ. ಎರಡನೆಯದು, ಬಾಡಿಯ ಅಂಚಿಗಿಂತ ಮೇಲೆ ಚೀಲ ಒಟ್ಟಿದ್ದರೆ ಏಣಿಯ ತುದಿ ಚೀಲಕ್ಕೇ ಒರಗುತ್ತದೆ. ಆ ಚೀಲ ಜಾರಿದರೆ ಏಣಿ, ಮನುಷ್ಯ, ಚೀಲ ಮೂರೂ ಒಟ್ಟಿಗೆ ಕೆಳಗೆ.

ಅದಕ್ಕೆ ನನ್ನ ಮನಸ್ಸಿಗೆ ಹಿಡಿಸಿದ್ದು ಗಾಲಿ ಮೆಟ್ಟಿಲು. ವಿಮಾನ ಹತ್ತೋಕೆ ತಳ್ಳಿಕೊಂಡು ಬರ್ತಾರಲ್ಲ, ಅದೇ ಮಾದರಿ, ಚಿಕ್ಕದು. ಎರಡೂ ಕಡೆ ಕಂಬಿ, ಮೇಲೆ ಇಬ್ಬರು ನಿಲ್ಲುವಷ್ಟು ಜಾಗ, ಗಾಲಿಗೆ ಬ್ರೇಕು. ತಾಡಪಾಲು ಬಿಚ್ಚುವಾಗ ಅರ್ಧ ಕೆಲಸ ಇದರ ಮೇಲೆ ನಿಂತೇ ಆಗುತ್ತದೆ, ಚೀಲದ ಮೇಲೆ ಓಡಾಡುವುದು ಕಡಿಮೆಯಾಗುತ್ತದೆ. ಬಾಡಿಗೆ ಜಾಗದಲ್ಲಿರುವವರಿಗೆ ಇನ್ನೊಂದು ಅನುಕೂಲ: ಜಾಗ ಬಿಟ್ಟು ಹೋಗುವಾಗ ತಗೊಂಡು ಹೋಗಬಹುದು. ನೆಲ ಮಾತ್ರ ಸಮ ಇರಬೇಕು. ಗುಂಡಿ ಬಿದ್ದ ಅಂಗಳದಲ್ಲಿ ಇದು ಏಣಿಗಿಂತ ಅಪಾಯ.

ಹಲಗೆ

ಚೀಲ ಹೊತ್ತು ನಡೆಯುವವರಿಗೆ ಹಲಗೆ ಬೇಕೇ ಬೇಕು, ಬೇಡ ಅನ್ನೋಕೆ ಆಗಲ್ಲ. ಆದರೆ ನಮ್ಮ ಕಡೆ ಹಲಗೆ ಅಂದರೆ ಒಂದಡಿ ಅಗಲದ, ಹತ್ತಡಿ ಉದ್ದದ, ಯಾವುದೋ ಮನೆ ಕಟ್ಟುವಾಗ ಉಳಿದ ಮರ. ನಾಲ್ಕು ಅಡಿ ಎತ್ತರಕ್ಕೆ ಹತ್ತಡಿ ಹಲಗೆ ಹಾಕಿದರೆ ಇಳಿಜಾರು ವಿಪರೀತ. ಹದಿನಾರು ಅಡಿ ಇದ್ದರೆ ನಾಲ್ಕಕ್ಕೆ ಒಂದರ ಲೆಕ್ಕ ಬರುತ್ತದೆ, ಆಗ ನಡೆಯಬಹುದು. ಆದರೆ ಉದ್ದ ಜಾಸ್ತಿ ಆದಷ್ಟೂ ನಡುವೆ ಬಾಗುತ್ತದೆ, ತೂಗುತ್ತದೆ. ಹಾಗಾಗಿ ಅಡಿಗೆ ಕಬ್ಬಿಣದ ಪಟ್ಟಿ ಕೊಡಿಸಿ ಅಥವಾ ನಡುವೆ ಗಟ್ಟಿ ಸ್ಟ್ಯಾಂಡು ಇಡಿ. ಅಗಲ ಎರಡು ಅಡಿ ಇರಲಿ. ಮೇಲ್ತುದಿಗೆ ಕೊಕ್ಕೆ ಇರಲಿ, ಹಲಗೆ ಹಿಂದಕ್ಕೆ ಜಾರಿ ಬೀಳುವುದು ಇದರಿಂದಲೇ ನಿಲ್ಲುತ್ತದೆ. ಅಡಿಗೊಂದು ಅಡ್ಡಪಟ್ಟಿ ಹೊಡೆಸಿ. ಒಂದು ಹೊತ್ತಿಗೆ ಒಬ್ಬನೇ. ಹಿಂದಿನವನ ಹೆಜ್ಜೆಗೆ ಮುಂದಿನವನು ತೂಗಾಡಿ ಬೀಳುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇಲ್ಲಿ ಚೀಲದ ತೂಕದ ಮಾತೂ ಬರುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ವಯಸ್ಕ ಗಂಡಾಳು ಹೊರುವ ತೂಕ 55 ಕೆ.ಜಿ. ಮೀರಬಾರದು ಅಂತ ಶಿಫಾರಸು ಮಾಡಿದೆ. ಒಂದು ಕ್ವಿಂಟಲ್ ಚೀಲ ಹೊತ್ತ ಕಾಲ ನಮ್ಮ ಹಿರಿಯರಿಗೆ ನೆನಪಿದೆ. ಈಗ ಸಿಮೆಂಟು 50 ಕೆ.ಜಿ., ಅಕ್ಕಿ ಚೀಲ ಇನ್ನೂ ಚಿಕ್ಕದು. 2022ರ ಜುಲೈನಲ್ಲಿ 25 ಕೆ.ಜಿ.ವರೆಗಿನ ಪ್ಯಾಕೆಟ್ ಅಕ್ಕಿಗೆ ಜಿಎಸ್‌ಟಿ ಬಂದ ಮೇಲೆ 26 ಕೆ.ಜಿ. ಚೀಲ ಬಂತಲ್ಲ, ಅದನ್ನು ಹುಡುಗರು ಎರಡೆರಡು ಒಟ್ಟಿಗೆ ಹೊರುತ್ತಾರೆ. ತೂಕ ಸರಿಹೋದರೂ ಎರಡು ಚೀಲ ಅಂದಾಗ ಪಕ್ಕದ ನೋಟ ಮುಚ್ಚಿಹೋಗುತ್ತದೆ, ಹಲಗೆಯ ಅಂಚು ಕಾಣಲ್ಲ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲೂ ಇದೇ ಕತೆ, ಬೇರೆ ರೂಪದಲ್ಲಿ. ಮಂಡಕ್ಕಿ ಚೀಲ ಹಗುರ, ಆದರೆ ಹಗುರ ಅಂತಲೇ ಗಾಡಿ ಮೇಲೆ ಮುಗಿಲೆತ್ತರ ಒಟ್ಟುತ್ತಾರೆ. ಬಿದ್ದರೆ ಬೀಳೋದು ಚೀಲದ ತೂಕದಿಂದಲ್ಲ, ಎತ್ತರದಿಂದ.

ಅಕ್ಕಿ ಗಿರಣಿಯವರಿಗೆ ಒಂದು ಮಾತು: ತೌಡು ಬಿದ್ದ ಹಲಗೆ ಎಣ್ಣೆ ಸವರಿದಂತೆ ಜಾರುತ್ತದೆ. ಪಕ್ಕದಲ್ಲೇ ಒಂದು ಪೊರಕೆ ಇಡಿ.

ಕಟ್ಟೆ

ಸ್ವಂತ ಜಾಗ ಇದ್ದು, ದಿನಕ್ಕೆ ಎರಡು ಮೂರು ಲಾರಿ ಬರುವುದಾದರೆ ನಾನು ಕಣ್ಣು ಮುಚ್ಚಿ ಕಟ್ಟೆ ಕಟ್ಟಿಸಿ ಅನ್ನುತ್ತೇನೆ. ಲಾರಿಯ ತಳದಷ್ಟೇ ಎತ್ತರದ ಕಟ್ಟೆ ಇದ್ದರೆ ಇಳಿಜಾರೇ ಇಲ್ಲ. ಲಾರಿ ತಳದಿಂದ ಗೋದಾಮಿನೊಳಗೆ ಸಮತಟ್ಟು ನಡೆದು ಹೋಗಬಹುದು, ಕೈಗಾಡಿ ಬಳಸಬಹುದು. ಒಂದು ಸಲದ ಖರ್ಚು, ಕರೆಂಟು ಬೇಡ, ರಿಪೇರಿ ಇಲ್ಲ. ಹಳೇ ರೈಲ್ವೆ ಗೂಡ್ಸ್ ಶೆಡ್ಡುಗಳನ್ನು ನೋಡಿ, ಅವರು ಎಂದೋ ಇದನ್ನು ಮಾಡಿದ್ದಾರೆ.

ಆದರೆ ಕಟ್ಟೆ ಕಟ್ಟಿ ಸುಮ್ಮನಾದರೆ ಸಾಲದು. ಎಲ್ಲ ಗಾಡಿಯ ತಳ ಒಂದೇ ಎತ್ತರ ಇರಲ್ಲ. ಟಾಟಾ 407 ಥರದ ಸಣ್ಣ ಗಾಡಿ ಬಂದರೆ ಕಟ್ಟೆಗಿಂತ ಕೆಳಗೆ, ದೊಡ್ಡ ಲಾರಿ ಬಂದರೆ ಮೇಲೆ. ಒಂದೇ ಲಾರಿ ಕೂಡ ಖಾಲಿ ಆಗುತ್ತಾ ಆಗುತ್ತಾ ಸ್ಪ್ರಿಂಗ್ ಪಟ್ಟಿಗಳು ಸಡಿಲಗೊಂಡು ಮೇಲೇಳುತ್ತದೆ, ಬೆಳಿಗ್ಗೆ ಸಮ ಇದ್ದದ್ದು ಮಧ್ಯಾಹ್ನಕ್ಕೆ ಎಡವುವಷ್ಟು ಎತ್ತರವಾಗಿರುತ್ತದೆ. ನಡುವಿನ ಸಂದಿಗೆ ದಪ್ಪ ಕಬ್ಬಿಣದ ಪ್ಲೇಟು ಬೇಕು, ಅದು ಜಾರದಂತೆ ಅಡಿಯಲ್ಲಿ ತಡೆ ಇರಬೇಕು. ಕಾಲು ಸಂದಿಗೆ ಹೋಗಿ ಮುರಿಯುವುದು ಬೀಳುವುದಕ್ಕಿಂತ ಕಡಿಮೆ ನೋವೇನಲ್ಲ. ಕಟ್ಟೆಯ ಅಂಚಿಗೆ ಹಳದಿ ಬಣ್ಣ ಬಳಿಸಿ, ಲಾರಿ ನಿಲ್ಲದ ಕಡೆ ಕಂಬಿ ಹಾಕಿಸಿ, ಇಲ್ಲಾಂದ್ರೆ ಕಟ್ಟೆಯಿಂದಲೇ ನಾಲ್ಕಡಿ ಬೀಳುತ್ತಾರೆ.

ಇನ್ನು ಎಲ್ಲಕ್ಕಿಂತ ಭಯದ್ದು, ಆಳು ಪ್ಲೇಟಿನ ಮೇಲಿರುವಾಗ ಲಾರಿ ಮುಂದಕ್ಕೆ ಹೋಗುವುದು. ಡ್ರೈವರಿಗೆ "ಆಯ್ತು" ಅಂತ ಯಾರೋ ಕೂಗಿದ್ದು ಕೇಳಿಸುತ್ತದೆ, ಅವನು ಗಾಡಿ ತೆಗೆಯುತ್ತಾನೆ. ನಮ್ಮಲ್ಲಿ ಈಗ ಲಾರಿ ನಿಂತ ಕೂಡಲೇ ಬೀಗದಕೈ ಲೆಕ್ಕ ಬರೆಯುವವನ ಮೇಜಿಗೆ ಬರುತ್ತದೆ, ಚಕ್ರಕ್ಕೆ ಅಡ್ಡ ಕಲ್ಲು ಬೀಳುತ್ತದೆ. ಎಲ್ಲರೂ ಕೆಳಗೆ ಬಂದ ಮೇಲೆಯೇ ಬೀಗದಕೈ ವಾಪಸ್. ಮೊದಲ ವಾರ ಡ್ರೈವರುಗಳು ಗೊಣಗಿದರು, ಆಮೇಲೆ ಅವರೇ ಮೇಜಿನ ಮೇಲೆ ಇಟ್ಟು ಟೀ ಕುಡಿಯೋಕೆ ಹೋಗುತ್ತಾರೆ.

ಕನ್ವೇಯರ್, ಫೋರ್ಕ್‌ಲಿಫ್ಟ್, ಹೈಡ್ರಾಲಿಕ್ ಲಿಫ್ಟ್

ಕನ್ವೇಯರ್ ಹೊರುವ ಭಾರ ತೆಗೆಯುತ್ತದೆ, ಹಲಗೆ ಮೇಲಿನ ನಡಿಗೆ ತಪ್ಪಿಸುತ್ತದೆ. ಅದು ದೊಡ್ಡ ಲಾಭವೇ. ಆದರೆ ಮೇಲಿನ ಆಳು ಮೇಲೇ ಇರುತ್ತಾನೆ, ಈಗ ಇನ್ನೂ ಬೇಗ ಬೇಗ, ಇನ್ನೂ ಅಂಚಿಗೆ ನಿಂತು ಚೀಲ ಎತ್ತಿ ಹಾಕುತ್ತಾನೆ. ಕರೆಂಟು ಹೋದರೆ ಹಳೇ ಹಲಗೆಗೇ ವಾಪಸ್. ಆ ಹೊತ್ತಲ್ಲಿ ಕನ್ವೇಯರನ್ನೇ ಇಳಿಜಾರು ಮಾಡಿಕೊಂಡು ಅದರ ಮೇಲೆ ನಡೆದು ಇಳಿಯುವವರಿದ್ದಾರೆ, ದಯವಿಟ್ಟು ಬಿಡಬೇಡಿ. ಉರುಳೆಗೆ ಟವೆಲ್ಲು, ಪಂಚೆ ಸಿಕ್ಕಿಕೊಳ್ಳುವ ಅಪಾಯ ಬೇರೆ. ಕನ್ವೇಯರ್ ತಗೊಂಡರೆ ಗಾಲಿ ಮೆಟ್ಟಿಲನ್ನೂ ತಗೊಳ್ಳಿ. ಎರಡಕ್ಕೂ ದುಡ್ಡಿಲ್ಲ ಅಂದರೆ ಮೆಟ್ಟಿಲು ಮೊದಲು. ಹರಿಹರದ ಗೆಳೆಯರಿಗೂ ಇದನ್ನೇ ಹೇಳಿದೆ.

ಫೋರ್ಕ್‌ಲಿಫ್ಟ್ ಸಮ ನೆಲ, ಪ್ಯಾಲೆಟ್ಟು, ಕಲಿತ ಚಾಲಕ ಇದ್ದವರಿಗೆ. ಅದರ ಮುಳ್ಳಿನ ಮೇಲೆ ಮನುಷ್ಯನನ್ನು ನಿಲ್ಲಿಸಿ ಎತ್ತಬೇಡಿ. ಹಿಂಬದಿಯ ಹೈಡ್ರಾಲಿಕ್ ಲಿಫ್ಟ್ ಫ್ರಿಜ್ಜು, ಡ್ರಮ್ಮು ಸಾಗಿಸುವವರಿಗೆ ಒಳ್ಳೇದು, ಚೀಲದ ವ್ಯಾಪಾರಕ್ಕೆ ತೀರಾ ನಿಧಾನ.

ಸೇಫ್ಟಿ ಬೆಲ್ಟ್

ಇದರ ಬಗ್ಗೆ ತಪ್ಪು ತಿಳಿವಳಿಕೆ ಜಾಸ್ತಿ. ಬೆಲ್ಟ್ ಕೊಟ್ಟಿದ್ದೀವಿ, ನಮ್ಮ ಹೊಣೆ ಮುಗೀತು ಅನ್ನುತ್ತಾರೆ. ಸಾಮಾನ್ಯ ಬೆಲ್ಟಿನ ಹಗ್ಗ ಆರು ಅಡಿ. ಅದನ್ನು ಕಾಲ ಬುಡದಲ್ಲಿ, ಲಾರಿ ಬಾಡಿಗೆ ಕಟ್ಟಿದರೆ, ಕಟ್ಟಿದ ಜಾಗದಿಂದ ಆರು ಅಡಿ ಕೆಳಗೆ ಹೋದ ಮೇಲೆ ಹಗ್ಗ ಬಿಗಿಯಾಗುತ್ತದೆ, ಮೇಲಿಂದ ಪೆಟ್ಟು ತಡೆಯುವ ಪಟ್ಟಿ ಬಿಚ್ಚಿಕೊಂಡು ಇನ್ನೂ ಕೆಲವು ಅಡಿ ಉದ್ದವಾಗುತ್ತದೆ, ಅದರ ಕೆಳಗೆ ಮನುಷ್ಯನ ಎತ್ತರ ಬೇರೆ. ಹನ್ನೆರಡು ಅಡಿ ಲಾರಿಯಲ್ಲಿ ಬೆಲ್ಟ್ ಹಿಡಿಯುವ ಮೊದಲೇ ನೆಲ ಹಿಡಿದಿರುತ್ತದೆ. ಬೆಲ್ಟ್ ಕೆಲಸ ಮಾಡಬೇಕಾದರೆ ತಲೆಯ ಮೇಲೆ ಗಟ್ಟಿ ತೊಲೆ ಅಥವಾ ತಂತಿ ಇರಬೇಕು, ಬಿದ್ದ ಕೂಡಲೇ ಕಚ್ಚಿ ಹಿಡಿಯುವ ತಾನೇ ಸುತ್ತಿಕೊಳ್ಳುವ ರೀಲು ಇರಬೇಕು. ದೊಡ್ಡ ಕಾರ್ಖಾನೆಯ ಶೆಡ್ಡಿನಲ್ಲಿ ಇದು ಸಾಧ್ಯ. ಬಯಲಲ್ಲಿ ನಿಂತ ಲಾರಿಗೆ ಬೆಲ್ಟ್ ಕೊಡುವುದು ಬರೀ ಸಮಾಧಾನಕ್ಕೆ.

ಹಾಗಾದರೆ ಯಾರಿಗೆ ಯಾವುದು?

ಸಿಮೆಂಟ್, ಗೊಬ್ಬರದ ಅಂಗಡಿ, ವಾರಕ್ಕೆ ಒಂದೆರಡು ಗಾಡಿ ಅಂದರೆ ಕೊಕ್ಕೆ ಏಣಿ ಮತ್ತು ಒಳ್ಳೇ ಹಲಗೆ ಸಾಕು. ಬಾಡಿಗೆ ಗೋದಾಮಾದರೆ ಗಾಲಿ ಮೆಟ್ಟಿಲು, ಹಲಗೆ. ಚಳ್ಳಕೆರೆಯ ಎಣ್ಣೆ ಗಿರಣಿ, ಹರಿಹರದ ಅಕ್ಕಿ ಗಿರಣಿ ಥರದ ಸ್ವಂತ ಜಾಗದವರಿಗೆ ಕಟ್ಟೆ, ಆಮೇಲೆ ಬೇಕಾದರೆ ಕನ್ವೇಯರ್. ದಸರಾ ಕಳೆದ ಮೇಲೆ ಮೆಕ್ಕೆಜೋಳದ ಸುಗ್ಗಿಯಲ್ಲಿ ಸಾಲುಗಟ್ಟಿ ಲಾರಿ ಬರುವ ಅಂಗಳಗಳಲ್ಲಿ ಒಂದೇ ಕಟ್ಟೆ ಸಾಲದು, ಆಗ ಎರಡು ಗಾಲಿ ಮೆಟ್ಟಿಲು ಒಂದು ಕನ್ವೇಯರಿಗಿಂತ ಜಾಸ್ತಿ ಉಪಯೋಗ.

ಯಾವುದನ್ನೇ ತಗೊಳ್ಳಿ, ದುಡ್ಡಿಲ್ಲದೆ ಆಗುವ ಮೂರು ಕೆಲಸ ಇವೆ. ಇಬ್ಬನಿ ಆರಿದ ಮೇಲೆ ತಾಡಪಾಲು ಬಿಚ್ಚಿ, ಆದಷ್ಟೂ ನೆಲದಿಂದಲೇ ಎಳೆಯಿರಿ. ಮೇಲೆ ನಿಂತು ಮಡಚಲೇಬೇಕಾದರೆ ಮುಖ ಅಂಚಿನ ಕಡೆ ಇರಲಿ, ಬೆನ್ನು ಅಂಚಿನ ಕಡೆ ಬೇಡ. ಇನ್ನು ಚೀಲ ಇಳಿಸುವಾಗ ಗೋಡೆ ಕಡಿದ ಹಾಗೆ ನೆಟ್ಟಗೆ ತೆಗೆಯದೆ, ಹಿಂದಿನಿಂದ ಮೆಟ್ಟಿಲು ಮೆಟ್ಟಿಲಾಗಿ ತೆಗೆಯಿರಿ, ಆಗ ಚೀಲವೇ ಇಳಿಯುವ ದಾರಿಯಾಗುತ್ತದೆ. ಇನ್ನೊಂದಕ್ಕೆ ಮಾತ್ರ ದುಡ್ಡು ಬೇಕು: ಏಣಿ ಹಾಕುವ ಹೊತ್ತಿಗೂ ಕೂಲಿ ಸೇರಿಸಿ ಕೊಡಿ. ನಾವು ಲಾರಿಗೆ ಇಷ್ಟು ಅಂತ ಸೇರಿಸಿದ ಮೇಲೆಯೇ ಆ ಹುಡುಗನೂ ಏಣಿ ಮುಟ್ಟಿದ್ದು.

ಅಷ್ಟಾದರೂ ಬಿದ್ದರೆ

ತೋಳು ಹಿಡಿದು ಎತ್ತಿ ಕೂರಿಸಬೇಡಿ, ನೀರು ಕುಡಿಸಬೇಡಿ. ಬೆನ್ನುಮೂಳೆ ಮುರಿದಿದ್ದರೆ ಆ ಎತ್ತುವಿಕೆಯಲ್ಲೇ ಕಾಲಿನ ಶಕ್ತಿ ಹೋಗಬಹುದು. ಅಲುಗಾಡಿಸದೆ 108ಕ್ಕೆ ಫೋನ್ ಮಾಡಿ. ಗಾಡಿ ಬರುವುದು ತೀರಾ ತಡ, ಕಾಯೋಕೆ ಆಗಲ್ಲ ಅಂದರೆ ನಾಲ್ಕು ಜನ ಸೇರಿ ತಲೆ, ಕತ್ತು, ಬೆನ್ನು ಒಂದೇ ಗೆರೆಯಲ್ಲಿ ಇರುವಂತೆ ಅದೇ ಹಲಗೆಯ ಮೇಲೆ ಮಲಗಿಸಿ. ಆಸ್ಪತ್ರೆಯಲ್ಲಿ "ಮನೇಲಿ ಜಾರಿ ಬಿದ್ದ" ಅಂತ ಬರೆಸಬೇಡಿ. ನಮ್ಮ ಹಿರಿಯರ ವಿಷಯದಲ್ಲಿ ಹಾಗೇ ಬರೆಸಿದ್ದರು, ಆಮೇಲೆ ಅವರಿಗೆ ಬರಬೇಕಾದ್ದು ಬರಲಿಲ್ಲ. ಆಗ ನಾನು ಬಾಯಿ ಮುಚ್ಚಿಕೊಂಡಿದ್ದೆ, ಅದು ಇವತ್ತಿಗೂ ಚುಚ್ಚುತ್ತದೆ.

ಪರಿಹಾರದ ದಾರಿಗಳನ್ನೂ ಹೋಲಿಸಿ ನೋಡಬೇಕು. ತಿಂಗಳ ಸಂಬಳ 21,000 ರೂಪಾಯಿ ಒಳಗಿದ್ದು ಇಎಸ್‌ಐ (ನೌಕರರ ರಾಜ್ಯ ವಿಮೆ) ಕಟ್ಟುತ್ತಿದ್ದರೆ ಅದೇ ಎಲ್ಲಕ್ಕಿಂತ ಒಳ್ಳೇದು: ಚಿಕಿತ್ಸೆಯೂ ಸಿಗುತ್ತದೆ, ಕೆಲಸಕ್ಕೆ ಹೋಗಲಾಗದ ದಿನಗಳಿಗೆ ಕೂಲಿಯ ಶೇ. 90ರಷ್ಟು ಸಿಗುತ್ತದೆ. ಇಎಸ್‌ಐ ಇಲ್ಲದವರಿಗೆ, ಕೆಲಸದಲ್ಲಿ ಆದ ಪೆಟ್ಟಿಗೆ ಮಾಲೀಕ ಪರಿಹಾರ ಕೊಡಬೇಕು ಅನ್ನುವುದು 1923ರಿಂದಲೂ ಇರುವ ನಿಯಮ. "ಅವನು ಮೇಸ್ತ್ರಿ ಕಡೆಯವನು, ನಮ್ಮವನಲ್ಲ" ಅಂದ ಮಾತ್ರಕ್ಕೆ ಹೊಣೆ ಕಳಚಲ್ಲ. ಹಮಾಲರು ರಾಜ್ಯ ಸರ್ಕಾರದ ಅಸಂಘಟಿತ ಕಾರ್ಮಿಕರ ಪಟ್ಟಿಯಲ್ಲೂ ಇದ್ದಾರೆ, ಕಾರ್ಮಿಕ ಇಲಾಖೆಯಲ್ಲಿ ಹೆಸರು ಬರೆಸಿ ಕಾರ್ಡ್ ಮಾಡಿಸಿ. ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆ ವರ್ಷಕ್ಕೆ 20 ರೂಪಾಯಿ, 18ರಿಂದ 70 ವರ್ಷದವರಿಗೆ. ಅಪಘಾತದಲ್ಲಿ ಸತ್ತರೆ ಅಥವಾ ಎರಡೂ ಕಣ್ಣು, ಎರಡೂ ಕೈ ಅಥವಾ ಎರಡೂ ಕಾಲು ಹೋದರೆ 2 ಲಕ್ಷ, ಒಂದು ಕಣ್ಣು, ಒಂದು ಕೈ ಅಥವಾ ಒಂದು ಕಾಲು ಹೋದರೆ 1 ಲಕ್ಷ. ಕಾಲು ಮುರಿದು ಮೂರು ತಿಂಗಳು ಮಲಗಿದರೆ ಇದರಿಂದ ಏನೂ ಬರಲ್ಲ. ಹಾಗಾಗಿ ಇದನ್ನು ಉಳಿದವುಗಳ ಜೊತೆಗೆ ಇಟ್ಟುಕೊಳ್ಳಿ, ಬದಲಿಗೆ ಬೇಡ.

ಈ ಸುರಕ್ಷಾ ಬಿಮಾದ ಅವಧಿ ಪ್ರತಿ ವರ್ಷ ಮೇ 31ಕ್ಕೆ ಮುಗಿಯುತ್ತದೆ. ಖಾತೆಯಲ್ಲಿ 20 ರೂಪಾಯಿ ಇಲ್ಲದೇ ವಿಮೆ ಕಡಿದುಹೋದವರು ನಮ್ಮಲ್ಲೇ ಇಬ್ಬರಿದ್ದರು. ಈಗ ಮೇ ತಿಂಗಳ ಮೂರನೇ ಸೋಮವಾರ ಎಲ್ಲರ ಪಾಸ್‌ಬುಕ್ ತರಿಸಿ, ಕಟ್ಟೆ ಮೇಲೆ ಕೂತು ಒಂದೊಂದನ್ನೇ ನೋಡುತ್ತೇವೆ.